ವಂಶದ ರೋಗವನ್ನು ಮುಚ್ಚಿಡುವದು ನ್ಯಾಯವೋ?

ನಮ್ಮ ಸಭೆಗಳ ಕೆಲವು ಮನೆಗಳಲ್ಲಿ ಒಂದು ವಿಧವಾದ ಮೌನವು ಬಹಳ ಕಾಲದಿಂದ ನಡೆದು ಬರುತ್ತದೆ. ಯಜಮಾನನು ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡರೆ ಮನೆಯವರು ಹೊರಗಿನವರಿಗೆ ಹೊಟ್ಟೆನೋವು ಎಂದು ಹೇಳುವರು. ಹತ್ತು ವರುಷದ ಮೇಲೆ ಅವನ ತಂಗಿಯು ಅದೇ ದಾರಿ ಹಿಡಿದರೆ, ಅವಳಿಗೆ ಮೊದಲಿಂದಲೂ ರಕ್ತ ಕಡಿಮೆ ಇತ್ತು ಅನ್ನುವರು. ಮೂರನೆಯವನು ಮುಂಬಯಿಯ ಹೊಟೇಲಿನಲ್ಲಿ ದುಡಿಯುತ್ತಾ ನಲುವತ್ತು ತುಂಬುವದರೊಳಗೆ ಸತ್ತನೆಂದು ಸುದ್ದಿ ಬಂದರೆ ಯಾರೂ ಏನೂ ಅನ್ನುವದಿಲ್ಲ. ಆದರೆ ರಾತ್ರಿ ದೀಪ ಆರಿಸಿದ ಮೇಲೆ ಒಳಮನೆಯಲ್ಲಿ ಬೇರೆ ಮಾತು ಹುಟ್ಟುತ್ತದೆ. ಇದು ಅಜ್ಜನ ಕಾಲದ ಶಾಪವೋ? ನಾವು ಬಿಟ್ಟುಬಂದ ದೈವದ ಮುನಿಸೋ? ಯಾರೋ ಪೂರ್ವಿಕನು ನಾಗಬನದ ಮರ ಕಡಿದ ದೋಷವೋ? ಸ್ನಾನದೀಕ್ಷೆ ಹೊಂದಿ ಮೂರು ತಲೆ ಕಳೆದ ಕುಟುಂಬಗಳಲ್ಲಿಯೂ ಈ ಮಾತು ಸಾಯಲಿಲ್ಲವೆಂಬದನ್ನು ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಗಳಲ್ಲಿ ಮನೆ ಮನೆ ತಿರುಗುವವರೆಲ್ಲರೂ ಬಲ್ಲರು.

ಈ ಪಿಸುಮಾತಿನೊಳಗೆ ಎರಡು ಪ್ರಶ್ನೆಗಳು ಅಡಗಿವೆ. ವಂಶದಲ್ಲಿ ಇಳಿದು ಬರುವ ರೋಗವು ದೇವರ ದಂಡನೆಯೋ ಎಂಬದು ಒಂದು. ಅಂಥ ರೋಗವು ತನ್ನ ರಕ್ತದಲ್ಲಿ ಉಂಟೆಂದು ತಿಳಿದವನು ಅದನ್ನು ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ಹೇಳದೆ ಮುಚ್ಚಿಡಬಹುದೋ ಎಂಬದು ಮತ್ತೊಂದು. ಮೊದಲನೆಯದಕ್ಕೆ ಉತ್ತರ ಕೊಡುವದು ಅಷ್ಟು ಕಷ್ಟವಲ್ಲ. ಎರಡನೆಯದು ನಮ್ಮನ್ನು ಹೆಚ್ಚು ತೊಂದರೆಗೆ ಹಾಕುತ್ತದೆ.

ವಿಮೋಚನಕಾಂಡದ 20ನೆಯ ಅಧ್ಯಾಯದಲ್ಲಿ ಮೂರು ನಾಲ್ಕು ತಲೆಗಳ ವಿಷಯವಾದ ಮಾತು ಇರುವದನ್ನು ಬಲ್ಲವರು ಅದನ್ನೇ ಎತ್ತಿಕೊಂಡು ಶಾಪದ ಮಾತಿಗೆ ಸತ್ಯವೇದದ ಆಧಾರ ಸಿಕ್ಕಿತೆಂದು ನೆನಸುವರು. ಅವರು ಯೆಹೆಜ್ಕೇಲನ 18ನೆಯ ಅಧ್ಯಾಯವನ್ನು ಅದರ ಪಕ್ಕದಲ್ಲಿಟ್ಟು ಓದಲಿ. ಹುಳಿದ್ರಾಕ್ಷೆಯ ಗಾದೆಯನ್ನು ದೇವರು ತನ್ನ ಜನರ ಬಾಯಿಂದ ತೆಗೆದುಬಿಟ್ಟದ್ದು ಅಲ್ಲಿಯೇ. ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳಿದ್ದು ನಮ್ಮ ಒಳಮನೆಯ ಪ್ರಶ್ನೆಯೇ ಆಗಿತ್ತು. ಅವರು ಎರಡು ಬಾಗಿಲುಗಳನ್ನು ತೋರಿಸಿದರು, ಕರ್ತನು ಎರಡನ್ನೂ ಮುಚ್ಚಿದನು. ಇದಲ್ಲದೆ ಈ ರೋಗದ ನಡತೆಯನ್ನು ನೋಡಿದರೂ ಸಾಕು. ಅದು ಒಂದೇ ತಾಯಿಯ ಮಕ್ಕಳಲ್ಲಿ ಪ್ರಾರ್ಥನೆ ಮಾಡುವವಳನ್ನು ಹಿಡಿದು, ಕುಡಿದು ತಿರುಗುವವನನ್ನು ಬಿಡುವದುಂಟು. ನಾಣ್ಯ ಚಿಮ್ಮಿ ತಲೆಯೋ ಬಾಲವೋ ನೋಡಿ ಶಿಕ್ಷೆ ಕೊಡುವ ನ್ಯಾಯಾಧಿಪತಿಯನ್ನು ಯಾರು ನ್ಯಾಯವಂತನೆಂದು ಕರೆಯುವರು? ದೇವರನ್ನು ಅಂಥವನನ್ನಾಗಿ ಮಾಡುವದು ಭಕ್ತಿಯಲ್ಲ.

ಹಾಗಾದರೆ ಇದು ಹೇಗೆ ಇಳಿದು ಬರುತ್ತದೆ? ಮಂಗಳೂರಿನಲ್ಲಿ ಬಾಸೆಲ್ ಮಿಶನಿನವರು 1841ರಲ್ಲಿ ಅಚ್ಚುಕೂಟವನ್ನು ಸ್ಥಾಪಿಸಿದರು. ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನು ಎಷ್ಟು ಜಾಣನಾದರೂ ಅಲ್ಲಲ್ಲಿ ಅಕ್ಷರ ತಪ್ಪುವನು. ಆದಕಾರಣ ಕರಡು ತಿದ್ದುವವನೊಬ್ಬನು ಬೇಕು. ನಮ್ಮ ಶರೀರದಲ್ಲಿಯೂ ಹೀಗೆಯೇ. ಕರುಳಿನ ಒಳಪದರದ ಜೀವಕಣಗಳು ಪ್ರತಿದಿನವೂ ಸತ್ತು ಹೊಸದಾಗಿ ಹುಟ್ಟುತ್ತವೆ. ಹುಟ್ಟುವಾಗೆಲ್ಲಾ ವಂಶದ ಬರಹವನ್ನು ಮೊದಲಿಂದ ಕೊನೆಯ ವರೆಗೆ ನಕಲು ಮಾಡಬೇಕು, ನಕಲಿನಲ್ಲಿ ತಪ್ಪು ಬೀಳುವದು. ಅದನ್ನು ಹುಡುಕಿ ತಿದ್ದುವ ಕೆಲಸಕ್ಕೆ ಕೆಲವು ವಂಶವಾಹಿಗಳು ನೇಮಕವಾಗಿವೆ. ವೈದ್ಯರು ಇವುಗಳಿಗೆ ಜೀನ್ ಅನ್ನುವರು. ಈ ತಿದ್ದುಗಾರರಲ್ಲಿ ಮುಖ್ಯವಾದ ಎರಡರ ಹೆಸರು ಎಂಎಸ್‌ಎಚ್2 ಮತ್ತು ಎಂಎಲ್‌ಎಚ್1. ಪ್ರತಿಯೊಂದರಲ್ಲಿಯೂ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡೆರಡು ಪ್ರತಿಗಳು ನಮಗಿರುತ್ತವೆ. ಒಬ್ಬನಿಗೆ ಹುಟ್ಟುವಾಗಲೇ ಒಂದು ಪ್ರತಿ ಕೆಟ್ಟು ಬಂದಿದ್ದರೆ ಇನ್ನೊಂದು ಒಂಟಿಯಾಗಿ ಕೆಲಸ ನಡಿಸುವದು. ಮುಂದೆ ಒಂದು ದಿನ ಯಾವದಾದರೂ ಒಂದು ಕಣದಲ್ಲಿ ಅದೂ ಕೆಟ್ಟರೆ, ತಪ್ಪುಗಳು ರಾಶಿಯಾಗಿ ಬಿದ್ದು ಆ ಕಣವು ಅಂಕೆಯಿಲ್ಲದೆ ಬೆಳೆಯುವದು. ಆದಕಾರಣ ಇಂಥವರಿಗೆ ದೊಡ್ಡಕರುಳಿನಲ್ಲಿ, ಸ್ತ್ರೀಯರಿಗೆ ಗರ್ಭಕೋಶದಲ್ಲಿ, ಕೆಲವರಿಗೆ ಜಠರದಲ್ಲಿಯೂ ಸಣ್ಣ ಕರುಳಿನಲ್ಲಿಯೂ ಬೇರೆಯವರಿಗಿಂತ ಬಹಳ ಮುಂಚೆ ಕ್ಯಾನ್ಸರು ಹುಟ್ಟುವದುಂಟು. ಇದಕ್ಕೆ ಲಿಂಚ್ ಸಿಂಡ್ರೋಮ್ ಎಂದು ಹೆಸರು.

ಅಂಥವನ ಮಕ್ಕಳಲ್ಲಿ ಪ್ರತಿಯೊಬ್ಬನಿಗೂ ಕೆಟ್ಟ ಪ್ರತಿಯು ಬರುವ ಸಂಭವವು ಅರ್ಧಕ್ಕರ್ಧ. ಗಂಡೆಂದೂ ಹೆಣ್ಣೆಂದೂ ಅದು ನೋಡುವದಿಲ್ಲ. ನಮ್ಮ ಸೀಮೆಯಲ್ಲಿ ಒಂದು ತಪ್ಪು ತಿಳುವಳಿಕೆ ಇರುವದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ. ಅಳಿಯಸಂತಾನದ ಕಟ್ಟಿನಲ್ಲಿ ಬೆಳೆದ ಹಿರಿಯರು ಬಳಿಯು ತಾಯಿಯಿಂದ ಬರುವದಾದ್ದರಿಂದ ರೋಗವೂ ತಾಯಿಯ ಕಡೆಯಿಂದಲೇ ಬರಬೇಕೆಂದು ನೆನಸುವರು. "ಅದು ಅಪ್ಪನ ಕಡೆಯ ರೋಗ, ನಮಗೆ ತಾಗಲಿಕ್ಕಿಲ್ಲ" ಎಂಬ ಮಾತು ಅನೇಕರ ಬಾಯಲ್ಲಿ ಉಂಟು. ಆಸ್ತಿಯು ಅಳಿಯಸಂತಾನದಲ್ಲಿಯೋ ಮಕ್ಕಳ ಸಂತಾನದಲ್ಲಿಯೋ ಇಳಿಯಬಹುದು. ರಕ್ತವು ಕಾನೂನು ಓದಲಿಲ್ಲ. ತಂದೆಯ ಅಕ್ಕನಿಗೆ ಗರ್ಭಕೋಶದ ಕ್ಯಾನ್ಸರು ಬಂದಿದ್ದರೆ ಅದು ಅವಳ ತಮ್ಮನ ಮಗನಿಗೂ ಸಂಬಂಧಪಟ್ಟ ಸಂಗತಿಯೇ.

ಈ ಜ್ಞಾನವು ಲೋಕಕ್ಕೆ ಬಂದ ರೀತಿಯು ನಮ್ಮ ಎರಡನೆಯ ಪ್ರಶ್ನೆಗೆ ಬೆಳಕು ಕೊಡುತ್ತದೆ. 1895ರಲ್ಲಿ ಅಮೇರಿಕದ ಮಿಶಿಗನ್ ಸೀಮೆಯ ಆನ್ ಆರ್ಬರ್ ಪಟ್ಟಣದಲ್ಲಿ ಹೊಲಿಗೆಯ ಕೆಲಸ ಮಾಡುತ್ತಿದ್ದ ಒಬ್ಬ ಹೆಣ್ಣುಮಗಳು ಆಲ್ಡ್ರೆಡ್ ವಾರ್ತಿನ್ ಎಂಬ ವೈದ್ಯ ಪಂಡಿತನಿಗೆ, ತನ್ನ ಮನೆಯವರೆಲ್ಲಾ ಕರುಳಿನ ಇಲ್ಲವೆ ಗರ್ಭಕೋಶದ ಕ್ಯಾನ್ಸರಿನಿಂದ ಸಾಯುವವರು, ತಾನೂ ಹಾಗೆಯೇ ಸಾಯುವೆನೆಂದು ಹೇಳಿದಳು. ಅವಳದು ಜರ್ಮನಿಯಿಂದ ವಲಸೆ ಹೋದ ಕುಟುಂಬ. ವಾರ್ತಿನನು ಅವಳ ಮಾತನ್ನು ಹುಚ್ಚೆಂದು ತಳ್ಳದೆ, ಕುಟುಂಬದ ಮರಣಗಳನ್ನು ಒಂದೊಂದಾಗಿ ಬರೆದುಕೊಂಡು 1913ರಲ್ಲಿ ಪ್ರಕಟಪಡಿಸಿದನು. ಅವಳು ಹೇಳಿದಂತೆಯೇ ಗರ್ಭಕೋಶದ ಕ್ಯಾನ್ಸರಿನಿಂದ ತೀರಿಕೊಂಡಳು. ಆ ಬಳಿಕ ಒಮಾಹಾ ಪಟ್ಟಣದ ಹೆನ್ರಿ ಲಿಂಚ್ ಎಂಬ ವೈದ್ಯನು 1960ರ ದಶಕದಲ್ಲಿ ಇಂಥ ಕುಟುಂಬಗಳನ್ನು ಹುಡುಕುತ್ತಾ ಹೋದನು. ಇದು ವಂಶದಿಂದ ಬರುತ್ತದೆಂದು ಅವನು ಹೇಳಿದಾಗ ಬಹುಮಂದಿ ವೈದ್ಯರು ನಂಬಲಿಲ್ಲ. 1993ರಲ್ಲಿ ಎಂಎಸ್‌ಎಚ್2 ಜೀನ್ ಸಿಕ್ಕಿದ ಮೇಲೆ ಎಲ್ಲರೂ ನಂಬಬೇಕಾಯಿತು. ಆ ಹೊಲಿಗೆಯವಳ ಕುಟುಂಬದ ದೋಷವೂ ಅದೇ ಜೀನಿನಲ್ಲಿ ಕಂಡುಬಂತು. ಅವಳು ನಾಚಿ ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತಿತ್ತೆಂದು ವಾಚಕರೇ ಯೋಚಿಸಲಿ.

ನ್ಯೂಜಿಲೆಂಡ್ ದ್ವೀಪದ ಮಾವೊರಿ ಜನರ ಒಂದು ದೊಡ್ಡ ಕುಟುಂಬದ ಕಥೆಯಂತೂ ನಮ್ಮೂರಿನದೇ ಎಂಬಂತಿದೆ. ಅಲ್ಲಿ 30 ವರುಷಗಳಲ್ಲಿ ಸುಮಾರು 25 ಮಂದಿ ಜಠರದ ಕ್ಯಾನ್ಸರಿನಿಂದ ಸತ್ತರು. ಹದಿಹರೆಯದವರೂ ಅವರೊಳಗೆ ಇದ್ದರು. ಇದು ಶಾಪವೆಂದು ಹೇಳುವವರು ಅಲ್ಲಿಯೂ ಇದ್ದರು. ಆದರೆ ಆ ಕುಟುಂಬದವರೇ ಮುಂದೆ ಬಂದು ಒಟಾಗೊ ವಿಶ್ವವಿದ್ಯಾಲಯದ ವಿಜ್ಞಾನಿಗಳ ಜೊತೆಗೂಡಿ, ಯಾರು ಯಾರಿಗೆ ಹುಟ್ಟಿದರು, ಯಾರು ಹೇಗೆ ಸತ್ತರೆಂಬದನ್ನು ತಾವೇ ಬರೆದುಕೊಟ್ಟು, ರಕ್ತವನ್ನೂ ಕೊಟ್ಟರು. 1998ರಲ್ಲಿ ಪ್ಯಾರಿ ಗಿಲ್‌ಫರ್ಡ್ ಎಂಬವರೂ ಅವರ ಜೊತೆಯವರೂ ಸಿಡಿಎಚ್1 ಎಂಬ ಜೀನಿನ ದೋಷವನ್ನು ಕಂಡುಹಿಡಿದರು. ದೋಷವುಳ್ಳವರಲ್ಲಿ ಅನೇಕರು ರೋಗ ಬರುವದಕ್ಕೆ ಮುಂಚೆ ಜಠರವನ್ನೇ ತೆಗಿಸಿಕೊಂಡು ಬದುಕಿದ್ದಾರೆ. ಜಠರವಿಲ್ಲದ ಜೀವನವು ಸುಲಭವೆಂದು ಯಾರೂ ತಿಳಿಯಬಾರದು. ಉಣ್ಣುವದನ್ನೇ ಹೊಸದಾಗಿ ಕಲಿಯಬೇಕು. ಆದರೂ ಅವರ ಮಕ್ಕಳಿಗೆ ತಾಯಿತಂದೆ ಉಂಟು.

ದೊಡ್ಡಕರುಳಿನ ವಿಷಯದಲ್ಲಿ ದಾರಿಯು ಇದಕ್ಕಿಂತ ಹಗುರವಾದದ್ದು. ಅಲ್ಲಿ ಕ್ಯಾನ್ಸರು ಸಾಮಾನ್ಯವಾಗಿ ಪಾಲಿಪ್ ಎಂಬ ಸಣ್ಣ ಮಾಂಸದ ಮೊಗ್ಗಿನಿಂದ ಆರಂಭವಾಗುವದು. ದೀಪವಿರುವ ಬಳುಕುವ ಕೊಳವೆಯನ್ನು ಕೆಳಗಿನಿಂದ ತೂರಿಸಿ ನೋಡುವ ಕೊಲನೋಸ್ಕೊಪಿ ಎಂಬ ಪರೀಕ್ಷೆಯಲ್ಲಿ ಆ ಮೊಗ್ಗನ್ನು ಕಂಡು ಆಗಲೇ ಕತ್ತರಿಸಿ ತೆಗೆಯಬಹುದು. ಫಿನ್ಲೆಂಡ್ ದೇಶದಲ್ಲಿ 22 ಕುಟುಂಬಗಳ 252 ಮಂದಿಯನ್ನು 15 ವರುಷ ನೋಡುತ್ತಾ ಬಂದರು. ಮೂರು ಮೂರು ವರುಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಂಡ 133 ಮಂದಿಯಲ್ಲಿ 8 ಮಂದಿಗೆ ಕರುಳಿನ ಕ್ಯಾನ್ಸರು ಬಂತು, ಅದರಿಂದ ಯಾರೂ ಸಾಯಲಿಲ್ಲ. ಮಾಡಿಸಿಕೊಳ್ಳದ 119 ಮಂದಿಯಲ್ಲಿ 19 ಮಂದಿಗೆ ಬಂತು, 9 ಮಂದಿ ಸತ್ತರು. ಈ ಲೆಕ್ಕವು 2000ದಲ್ಲಿ ಪ್ರಕಟವಾಯಿತು. ಈಗ ವೈದ್ಯರು ಲಿಂಚ್ ದೋಷವುಳ್ಳವರಿಗೆ ಸಾಮಾನ್ಯವಾಗಿ 20ರಿಂದ 25 ವರುಷ ಪ್ರಾಯದಲ್ಲಿ ಆರಂಭಿಸಿ ಒಂದೆರಡು ವರುಷಕ್ಕೊಮ್ಮೆ ನೋಡಿಸಿಕೊಳ್ಳಲು ಹೇಳುವರು. ಜೀನನ್ನು ನೋಡಿಕೊಂಡು ಕೆಲವರಿಗೆ ತಡವಾಗಿ ಆರಂಭಿಸುವದೂ ಉಂಟು. ಪರೀಕ್ಷೆ ಮಾಡಿಸಿದವರಿಗೂ ರೋಗವು ಬರಬಹುದು, ಆದರೆ ಎಳೆಯದಾಗಿ ಸಿಕ್ಕುವದು. ಫಿನ್ಲೆಂಡಿನ ವಿಷಯದಲ್ಲಿ ನಮ್ಮ ಸಭೆಗಳವರು ತಿಳಿಯತಕ್ಕ ಇನ್ನೊಂದು ಸಂಗತಿ ಏನಂದರೆ, ಅಲ್ಲಿ ಈ ಕುಟುಂಬಗಳ ಮೂಲವನ್ನು ನೂರಾರು ವರುಷ ಹಿಂದಕ್ಕೆ ಹುಡುಕಿದವರಿಗೆ ನೆರವಾದದ್ದು ಲೂಥರನ ಸಭೆಗಳವರು ಇಟ್ಟಿದ್ದ ಹಳೆಯ ಪುಸ್ತಕಗಳು.

ಇಂಗ್ಲೆಂಡಿನ ಜಾನ್ ಬರ್ನ್ ಎಂಬ ವೈದ್ಯರ ಮುಂದಾಳುತನದಲ್ಲಿ ಇನ್ನೊಂದು ಶೋಧನೆ ನಡೆಯಿತು. ಲಿಂಚ್ ದೋಷವುಳ್ಳ 427 ಮಂದಿಗೆ ದಿನಕ್ಕೆ 600 ಮಿಲಿಗ್ರಾಂ ಆಸ್ಪಿರಿನ್ ಸುಮಾರು ಎರಡು ವರುಷ ಕೊಟ್ಟಲ್ಲಿ, ಮುಂದೆ ಅವರಲ್ಲಿ 40 ಮಂದಿಗೆ ಕರುಳಿನ ಕ್ಯಾನ್ಸರು ಬಂತು. ಔಷಧವಿಲ್ಲದ ಹುಸಿಗುಳಿಗೆ ತಿಂದ 434 ಮಂದಿಯಲ್ಲಿ 58 ಮಂದಿಗೆ ಬಂತು. ಇದನ್ನು ಓದಿ ಯಾರೂ ಅಂಗಡಿಯಿಂದ ಗುಳಿಗೆ ತಂದು ನುಂಗಬಾರದು. ಆಸ್ಪಿರಿನಿನಿಂದ ಜಠರದಲ್ಲಿ ರಕ್ತ ಸುರಿಯುವದುಂಟು. ವೈದ್ಯನು ಹೇಳಿದರೆ ಮಾತ್ರ ತಕ್ಕೊಳ್ಳತಕ್ಕದ್ದು.

ಯಾವ ಮನೆಯವರು ಯೋಚಿಸಬೇಕು? ದೊಡ್ಡಕರುಳಿನ ಕ್ಯಾನ್ಸರು ಬಂದವರಲ್ಲಿ ಲಿಂಚ್ ದೋಷವಿರುವದು ನೂರಕ್ಕೆ ಸುಮಾರು ಮೂರು ಮಂದಿಗೆ ಮಾತ್ರ. ಆದಕಾರಣ ಒಬ್ಬ ಮುದುಕನಿಗೆ ಬಂದ ಮಾತ್ರಕ್ಕೆ ಇಡೀ ಕುಟುಂಬವು ನಡುಗುವದು ಬೇಡ. ಆದರೆ ಹತ್ತಿರದ ರಕ್ತಸಂಬಂಧಿಗಳಲ್ಲಿ ಮೂವರಿಗೆ, ಎರಡು ತಲೆಮಾರುಗಳಲ್ಲಿ, ಅವರೊಳಗೆ ಒಬ್ಬರಿಗಾದರೂ 50 ತುಂಬುವದಕ್ಕೆ ಮೊದಲು ಇಂಥ ಕ್ಯಾನ್ಸರುಗಳು ಬಂದಿದ್ದರೆ ಸುಮ್ಮನಿರಬಾರದು. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿ ವರುಷಗಟ್ಟಲೆ ಬೇರು ಅರೆದು ಕುಡಿಯುವದು ನಮ್ಮಲ್ಲಿ ಬಹಳ. ಮುಟ್ಟು ನಿಂತ ಮೇಲೆ ರಕ್ತ ಕಂಡ ಸ್ತ್ರೀಯರು ಅದನ್ನು ಗಂಡನಿಗೂ ಹೇಳುವದಿಲ್ಲ. ಸರಕಾರದವರು ಹಳ್ಳಿಗಳಲ್ಲಿ 30 ವರುಷ ದಾಟಿದವರಿಗೆ ನಡಿಸುವ ಕ್ಯಾನ್ಸರಿನ ತಪಾಸಣೆಯು ಬಾಯಿ, ಸ್ತನ, ಗರ್ಭಕೋಶದ ಕಂಠ ಇವುಗಳಿಗೆ ಮಾತ್ರ ನೇಮಕವಾಗಿದೆ. ಕರುಳಿನ ವಿಷಯ ಕೇಳಲು ಯಾರೂ ಮನೆ ಬಾಗಿಲಿಗೆ ಬರುವದಿಲ್ಲ. ಮನೆಯವರ ನೆನಪೇ ಅಲ್ಲಿ ಕಾವಲುಗಾರನು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ವಂಶವಾಹಿ ಶಾಸ್ತ್ರದ ವಿಭಾಗವೇ ಉಂಟು. ಅದು ನಮಗೆ ಪರದೇಶವಲ್ಲ, ಬಸ್ಸಿನ ದಾರಿ.

ಇನ್ನು ಎರಡನೆಯ ಪ್ರಶ್ನೆಗೆ ಬರೋಣ. ಮುಚ್ಚಿಡುವವರನ್ನು ನಾವು ಕೆಟ್ಟವರೆಂದು ಹೇಳಲಾರೆವು. ಅವರ ಕಾರಣಗಳು ತೂಕವುಳ್ಳವು. ಮನೆಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿದ್ದಾರೆ. ಸುದ್ದಿ ಹಬ್ಬಿದರೆ ಸಂಬಂಧ ಮುರಿಯುವದು. ತಮ್ಮನಿಗೆ ಹೇಳಿದರೆ ಅವನ ನಿದ್ದೆ ಹೋಗುವದು, ಪರೀಕ್ಷೆಗೆ ಹಣವಿಲ್ಲ. ನನ್ನ ಶರೀರದ ಸಂಗತಿ ನನ್ನದು, ಅದನ್ನು ಊರಿಗೆ ಸಾರಲು ನನಗೇನು ಕರ್ತವ್ಯ ಎಂದು ಕೇಳುವವನ ಮಾತಿನಲ್ಲಿಯೂ ನ್ಯಾಯವುಂಟು. ರೋಗಿಯ ಗುಟ್ಟು ರೋಗಿಯದೇ.

ಆದರೆ ಈ ಗುಟ್ಟು ಬೇರೆ ಗುಟ್ಟುಗಳಂತಲ್ಲ. ಒಬ್ಬನ ಜ್ವರವು ಅವನದೇ. ವಂಶದ ಬರಹದಲ್ಲಿರುವ ತಪ್ಪು ಅವನು ಸಂಪಾದಿಸಿದ್ದಲ್ಲ, ಹಂಚಿ ಬಂದದ್ದು. ತಂದೆಯು ಬಿಟ್ಟುಹೋದ ಗದ್ದೆಯ ಮೇಲೆ ಸಾಲವಿದೆಯೆಂದು ಹಿರಿಯ ಮಗನೊಬ್ಬನಿಗೇ ತಿಳಿದಿದ್ದು, ಪಾಲುಗಾರರಾದ ತಮ್ಮಂದಿರಿಗೆ ಅವನು ಹೇಳದಿದ್ದರೆ ಅದನ್ನು ನಾವು ಸ್ವಂತ ಗುಟ್ಟೆಂದು ಕರೆಯುವೆವೋ, ಪಾಲುಗಾರರಿಗೆ ಮಾಡಿದ ಮೋಸವೆಂದು ಕರೆಯುವೆವೋ? ಅರಸುಗಳ ಎರಡನೆಯ ಪುಸ್ತಕದ 7ನೆಯ ಅಧ್ಯಾಯದಲ್ಲಿ ಸಮಾರ್ಯ ಪಟ್ಟಣದ ಬಾಗಿಲಲ್ಲಿದ್ದ ನಾಲ್ವರು ಕುಷ್ಠರೋಗಿಗಳು ಬರಿದಾದ ಪಾಳೆಯದಲ್ಲಿ ಊಟವನ್ನೂ ಬೆಳ್ಳಿಯನ್ನೂ ಕಂಡು ಮೊದಲು ಬಚ್ಚಿಟ್ಟರು. ಒಳಗೆ ಹಸಿದು ಸಾಯುವವರ ನೆನಪಾದ ಮೇಲೆ ಅವರ ಮನಸ್ಸೇ ಅವರನ್ನು ಖಂಡಿಸಿತು. ಆ ನಾಲ್ವರನ್ನು ಪಟ್ಟಣದವರು ಹೊರಗೆ ಹಾಕಿದ್ದರೆಂಬದನ್ನು ಮರೆಯಬಾರದು. ಆದರೂ ಹೋಗಿ ಹೇಳಿದರು. ಲೂಕನ 16ನೆಯ ಅಧ್ಯಾಯದ ಐಶ್ವರ್ಯವಂತನಿಗೂ ಐದು ಮಂದಿ ಸಹೋದರರ ಚಿಂತೆ ಹುಟ್ಟಿತು, ಆದರೆ ಹೊತ್ತು ಮೀರಿದ ಮೇಲೆ. ರೋಗಕ್ಕೆ ಯಾವ ದಾರಿಯೂ ಇಲ್ಲದ ಕಾಲದಲ್ಲಿ ಮೌನವು ಕನಿಕರವಾಗಿದ್ದಿರಬಹುದು. ಮೊಗ್ಗಿನಲ್ಲಿಯೇ ಚಿವುಟಬಹುದಾದ ಈ ಕಾಲದಲ್ಲಿ ಅದು ಹಾಗಲ್ಲವೆಂದು ನಾವು ತಿಳಿಯುತ್ತೇವೆ.

ಹೇಳುವದೆಂದರೆ ಕಟ್ಟೆಯ ಮೇಲೆ ಕೂತು ಸಾರುವದಲ್ಲ. ಒಡಹುಟ್ಟಿದವರಿಗೂ ಪ್ರಾಯಕ್ಕೆ ಬಂದ ಮಕ್ಕಳಿಗೂ ತಂದೆತಾಯಿಗಳ ಒಡಹುಟ್ಟಿದವರಿಗೂ ಹೇಳತಕ್ಕದ್ದು. ಕೇಳಿದ ತಮ್ಮನು ಪರೀಕ್ಷೆ ಬೇಡವೆಂದರೆ ಅವನನ್ನು ಎಳೆದುಕೊಂಡು ಹೋಗುವ ಅಧಿಕಾರ ಅಣ್ಣನಿಗಿಲ್ಲ. ಚಿಕ್ಕ ಮಕ್ಕಳ ವಿಷಯದಲ್ಲಿ ಭೇದವುಂಟು. ಲಿಂಚ್ ದೋಷವು ಎಳೆಯ ಪ್ರಾಯದಲ್ಲಿ ಕೆಲಸ ಮಾಡುವದು ಬಹು ಅಪರೂಪವಾದ್ದರಿಂದ ಮಗುವು ದೊಡ್ಡದಾಗಿ ತಾನೇ ನಿರ್ಣಯಿಸುವ ವರೆಗೆ ಕಾಯುವದು ಲೇಸು. ಎಪಿಸಿ ಎಂಬ ಬೇರೆ ಜೀನಿನ ದೋಷವು ಹಾಗಲ್ಲ. ಅದರಲ್ಲಿ ಹದಿಹರೆಯದಲ್ಲಿಯೇ ನೂರಾರು ಮೊಗ್ಗುಗಳು ಕರುಳನ್ನು ತುಂಬುವವು, ಕರುಳನ್ನು ತೆಗೆಯದಿದ್ದರೆ ಮುಂದೆ ಕ್ಯಾನ್ಸರು ತಪ್ಪದು. ಅಂಥ ಮನೆಯ ಮಕ್ಕಳನ್ನು 10ರಿಂದ 12 ವರುಷದಲ್ಲಿಯೇ ನೋಡಿಸಬೇಕು. ಅಲ್ಲಿ ಬೇಡವೆನ್ನುವ ಸ್ವಾತಂತ್ರ್ಯವು ತಂದೆಗೆ ಉಂಟೆಂದು ನಾವು ಒಪ್ಪುವದಿಲ್ಲ.

ಮದುವೆಯ ಮಾತು ಎಲ್ಲಕ್ಕಿಂತ ಬಿಗಿಯಾದದ್ದು. ನಿಶ್ಚಯಕ್ಕೆ ಮುಂಚೆ ವಧುವರರು ಒಬ್ಬರಿಗೊಬ್ಬರು ಹೇಳಿಕೊಳ್ಳುವದು ಯಥಾರ್ಥತೆಯೆಂದು ನಮ್ಮ ಅಭಿಪ್ರಾಯ. ಅವರಿಬ್ಬರಿಗೆ ಹೇಳಿದರೆ ಸಾಕು, ನಂಟಸ್ತಿಕೆ ತರುವವನಿಗೂ ಅವನ ಹೆಂಡತಿಗೂ ಹೇಳಬೇಕೆಂದಿಲ್ಲ. ಕೇಳಿದವರಾದರೋ ಅದನ್ನು ಹಿಡಿದು ಸಂಬಂಧ ಮುರಿಯುವದು ಕ್ರೈಸ್ತರಿಗೆ ತಕ್ಕದ್ದಲ್ಲ. ಜಾತಕವನ್ನು ಬಿಟ್ಟುಬಂದವರು ರಕ್ತಪರೀಕ್ಷೆಯ ಕಾಗದವನ್ನು ಹೊಸ ಜಾತಕ ಮಾಡಿಕೊಂಡರೆ ಬಿಟ್ಟುಬಂದದ್ದೇನು? ಮುಚ್ಚಿಡುವವರ ಪಾಪವನ್ನು ಎಣಿಸುವ ಮೊದಲು, ಹೇಳಿದವರನ್ನು ಸಭೆಯು ಹೇಗೆ ನಡಿಸಿತೆಂದು ಎಣಿಸಬೇಕು. ಹೇಳಿದ ಮನೆಯ ಹೆಣ್ಣುಮಗಳು ಅದೇ ಕಾರಣದಿಂದ ಮದುವೆಯಿಲ್ಲದೆ ಉಳಿದರೆ, ಮುಂದಿನ ಮನೆಯವರು ಮೌನವಾಗಿರುವದಕ್ಕೆ ನಾವೇ ಕಾರಣರು.

ಪರೀಕ್ಷೆ ಮಾಡಿಸುವದು ಅವಿಶ್ವಾಸವೆಂದು ಹೇಳುವ ಭಕ್ತರು ಕೆಲವರುಂಟು. ಹಿಜ್ಕೀಯ ಅರಸನು ಕಣ್ಣೀರಿನಿಂದ ಪ್ರಾರ್ಥಿಸಿ ಆಯುಷ್ಯದ ವಾಗ್ದಾನ ಹೊಂದಿದ ಮೇಲೆಯೂ ಯೆಶಾಯನು ಅಂಜೂರದ ಉಂಡೆಯನ್ನು ಹುಣ್ಣಿಗೆ ಹಾಕಿಸಿದನು. ನಮ್ಮ ಹಿರಿಯರಿಗೆ ಸುವಾರ್ತೆ ತಂದ ಮಿಶನಿನವರೇ ಉಡುಪಿಯಲ್ಲಿ ಆಸ್ಪತ್ರೆ ಕಟ್ಟಿದರು. 1923ರಲ್ಲಿ ಡಾಕ್ಟರ್ ಎವಾ ಲೊಂಬಾರ್ಡ್ ಅಮ್ಮನವರು ಅದನ್ನು ಆರಂಭಿಸಿದಾಗ ಪ್ರಾರ್ಥನೆಯನ್ನು ನಿಲ್ಲಿಸಲಿಲ್ಲ. ಈ ಆಕ್ಷೇಪಕ್ಕೆ ಇಷ್ಟು ಸಾಕು.

ಉಪದೇಶಿಗಳಾದ ನಮಗೂ ಇಲ್ಲಿ ಕೆಲಸವುಂಟು. ಮನೆಭೇಟಿಯಲ್ಲಿ ಕೇಳಿದ್ದನ್ನು ಪಕ್ಕದ ಮನೆಯ ಪ್ರಾರ್ಥನೆಯಲ್ಲಿ ಹೆಸರೆತ್ತಿ ದೇವರಿಗೆ ತಿಳಿಸುವ ಒಂದು ಅಭ್ಯಾಸವು ಕೆಲವರಲ್ಲಿ ಇದೆ. ದೇವರಿಗೆ ಅದು ಮೊದಲೇ ಗೊತ್ತು. ತಿಳಿಯುವದು ಪಕ್ಕದ ಮನೆಯವರಿಗೆ. ಇದನ್ನು ಬಿಡಬೇಕು. ಸಭೆಯ ಮರಣದ ಪುಸ್ತಕದಲ್ಲಿ ಮನೆಯವರ ಒಪ್ಪಿಗೆ ಇದ್ದರೆ ರೋಗದ ನಿಜವಾದ ಹೆಸರನ್ನೂ ಪ್ರಾಯವನ್ನೂ ಬರೆದಿಡಬಹುದು. ಸಮಾಧಿಯಾದ ಮೇಲೆ ಸತ್ತವರ ಆಸ್ಪತ್ರೆಯ ಕಾಗದಗಳನ್ನು ಒಲೆಗೆ ಹಾಕುವ ರೂಢಿಯನ್ನು ಮನೆಯವರು ನಿಲ್ಲಿಸಲಿ. ಬಯಾಪ್ಸಿಯ ವರದಿಯೊಂದು ಉಳಿದಿದ್ದರೆ ವೈದ್ಯರು ಮಕ್ಕಳಿಗೆ ದಾರಿ ತೋರಿಸಬಲ್ಲರು.

ಮುದಿ ತಾಯಂದಿರು ಕೆಲವರು, ನಾನೇ ಕೊಟ್ಟೆನೋ ಎಂದು ಎದೆ ಬಡಿದುಕೊಳ್ಳುವರು. ಕೊಡುವದು ಬಿಡುವದು ಅವರ ಕೈಯಲ್ಲಿ ಇರಲಿಲ್ಲ. ಕಣ್ಣಿನ ಬಣ್ಣವನ್ನೂ ಹಾಡುವ ಕಂಠವನ್ನೂ ಆರಿಸಿ ಕೊಟ್ಟವರು ಯಾರೂ ಇಲ್ಲ. ಈಗ ಅವರ ಕೈಯಲ್ಲಿರುವದು ಒಂದು ಕಾಗದ ಬರೆಯಿಸುವದು. ಮನೆಯಲ್ಲಿ ಒಬ್ಬರ ದೋಷವು ಯಾವ ಜೀನಿನಲ್ಲಿ ಯಾವ ಸ್ಥಳದಲ್ಲಿ ಇದೆಯೆಂದು ಒಮ್ಮೆ ಗೊತ್ತಾದರೆ, ಉಳಿದವರಿಗೆ ಆ ಒಂದೇ ಸ್ಥಳವನ್ನು ನೋಡಿದರೆ ಸಾಕು. ಆದಕಾರಣ ಮುಂಬಯಿಯಲ್ಲಿಯೂ ಕೊಲ್ಲಿಯ ದೇಶಗಳಲ್ಲಿಯೂ ಇರುವ ಮಕ್ಕಳಿಗೆ ಬರೆಯುವಾಗ ರೋಗದ ಹೆಸರು, ಯಾರಿಗೆ ಎಷ್ಟನೆಯ ಪ್ರಾಯದಲ್ಲಿ ಬಂತು, ಯಾವ ಆಸ್ಪತ್ರೆ, ಪರೀಕ್ಷೆಯ ಕಾಗದದಲ್ಲಿರುವ ಜೀನಿನ ಹೆಸರು ಮತ್ತು ಅಂಕೆಗಳು, ಇವುಗಳನ್ನು ಒಂದಕ್ಷರವೂ ತಪ್ಪದಂತೆ ನಕಲು ಮಾಡಿ ಕಳುಹಿಸತಕ್ಕದ್ದು. ಬರೆಯಲು ಬಾರದವರು ಸಮೀಪದ ಉಪದೇಶಿಯನ್ನಾಗಲಿ ಶಾಲೆಯ ಮಾಸ್ತರರನ್ನಾಗಲಿ ಕರೆಯಬಹುದು.